ಮೈಯ ಋಣ ಎಣಿಸುವ ಬಗೆ

ಶೌಚಕ್ಕೆ ಹೋಗಿ ಬಂದು ಕೈ ತೊಳೆದು ಒರೆಸಿಕೊಂಡ ಮೇಲೆ ಹೇಳುವ ಪ್ರಾರ್ಥನೆಯೊಂದು ಯೆಹೂದಿಗಳಲ್ಲಿದೆ. ‘ಅಶೇರ್ ಯತ್ಸಾರ್’ ಎಂದು ಅದರ ಹೆಸರು. ಹಬ್ಬಕ್ಕೋ ವಾರಕ್ಕೋ ಒಮ್ಮೆ ಹೇಳಿ ಮುಗಿಸುವಂಥದ್ದಲ್ಲ ಇದು. ದಿನಕ್ಕೆ ಎಷ್ಟು ಸಲ ಹೋಗಿ ಬಂದರೆ ಅಷ್ಟು ಸಲ ಹೇಳಬೇಕು. ದೇವರು ಮನುಷ್ಯನನ್ನು ಜಾಣ್ಮೆಯಿಂದ ರೂಪಿಸಿದ, ಒಳಗೆ ರಂಧ್ರಗಳನ್ನೂ ಪೊಳ್ಳುಗಳನ್ನೂ ಇಟ್ಟ, ತೆರೆದಿರಬೇಕಾದದ್ದು ಮುಚ್ಚಿಕೊಂಡರೂ ಮುಚ್ಚಿರಬೇಕಾದದ್ದು ಒಡೆದರೂ ಬದುಕುವುದು ಸಾಧ್ಯವಿಲ್ಲ ಎಂಬುದು ಅದರ ತಾತ್ಪರ್ಯ. ಕೊನೆಯಲ್ಲಿ, ಎಲ್ಲ ಮೈಗಳನ್ನು ವಾಸಿಮಾಡುವವನಿಗೆ ಸ್ತುತಿ. ಯೆಹೂದಿಗಳ ಧರ್ಮಗ್ರಂಥವಾದ ಬ್ಯಾಬಿಲೋನಿಯದ ತಾಲ್ಮುದ್ ಇದನ್ನು 4ನೇ ಶತಮಾನದ ವಿದ್ವಾಂಸ ಅಬಾಯೆಯ ಹೆಸರಿನಲ್ಲಿ ದಾಖಲಿಸಿದೆ. ಮೂತ್ರಕೋಶ, ಕರುಳು, ರಕ್ತನಾಳಗಳ ಕೆಲಸವನ್ನು ಇಷ್ಟು ನೇರವಾಗಿ ದೇವರ ಮುಂದಿಡುವ ಪ್ರಾರ್ಥನೆ ಜಗತ್ತಿನಲ್ಲಿ ಅಪರೂಪ.

ಸಂಪ್ರದಾಯಸ್ಥ ಬ್ರಾಹ್ಮಣ ಮನೆಗಳಲ್ಲಿ ಬೆಳೆದವರಿಗೆ ಇದು ತುಸು ಇರಿಸುಮುರಿಸಾಗಬಹುದು. ಅಲ್ಲಿ ಜನಿವಾರವನ್ನು ಕಿವಿಗೆ ಸುತ್ತಿಕೊಂಡು ಮಾತಾಡದೆ ಹೋಗಿ ಬರುವುದು ಹಳೆಯ ಪದ್ಧತಿ. ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ, ಆಚಮನ ಮಾಡುವಾಗಲೇ ದೇವರ ಹೆಸರು ಬಾಯಿಗೆ ಬರಬೇಕು. ಆದರೆ ಆ ಆಚಮನದೊಳಗೇ ಗಮನಿಸಬೇಕಾದದ್ದೊಂದಿದೆ. ಕೇಶವ, ನಾರಾಯಣ ಎಂದು ಹೆಸರು ಹೇಳುತ್ತ ತುಟಿ, ಮೂಗು, ಕಣ್ಣು, ಕಿವಿ, ಹೊಕ್ಕುಳ, ಎದೆ, ನೆತ್ತಿ, ಭುಜ ಹೀಗೆ ಮೈಯ ಒಂದೊಂದು ಜಾಗವನ್ನು ಮುಟ್ಟಿಕೊಳ್ಳುತ್ತ ಹೋಗುತ್ತಾರೆ. ಅವಸರದಲ್ಲಿ ಮಾಡಿದರೆ ಕೈ ಗಾಳಿಯಲ್ಲಿ ಆಡಿದಷ್ಟೇ ಆಗುತ್ತದೆ. ನಿಧಾನವಾಗಿ ಮಾಡಿದವರಿಗೆ ಒದ್ದೆ ಬೆರಳಿನ ತಂಪು ಮುಚ್ಚಿದ ರೆಪ್ಪೆಗೆ ತಾಗಿದ್ದು, ಒಳಗೆ ಕಣ್ಣಿನ ಗುಡ್ಡೆ ಒಂದಿಷ್ಟು ಅದುರಿದ್ದು ತಿಳಿಯುತ್ತದೆ.

ಮೈಯಲ್ಲಿ ಈಗ ಏನಾಗುತ್ತಿದೆ ಎಂದು ಗಮನಿಸಿ, ಅದನ್ನು ಅದರ ಹೆಸರಿನಿಂದಲೇ ಕರೆದು, ಅದರ ಋಣವನ್ನು ಒಪ್ಪಿಕೊಳ್ಳುವ ಅಭ್ಯಾಸ ಬೇರೆ ಬೇರೆ ಧರ್ಮಗಳಲ್ಲಿ ಬೇರೆ ಬೇರೆ ರೂಪದಲ್ಲಿ ಉಳಿದುಬಂದಿದೆ. ಈಚೆಗೆ ಕೃತಜ್ಞತೆಯ ಡೈರಿ ಬರೆಯುವ ರೂಢಿ ಹಬ್ಬಿದೆ. ಮನಸ್ಸಿನ ನೆಮ್ಮದಿಗೆ ಅದು ಒಳ್ಳೆಯದು ಎಂಬ ಮಾತೂ ಅದರ ಜೊತೆಗಿದೆ. ಡೈರಿಯಲ್ಲಿ ‘ಎಲ್ಲದಕ್ಕೂ ಧನ್ಯವಾದ’ ಎಂದು ಬರೆದಿಡುವುದು ಸುಲಭ, ಮರೆಯುವುದು ಇನ್ನೂ ಸುಲಭ. ಹಳೆಯ ಸಂಪ್ರದಾಯಗಳು ಇನ್ನೊಂದು ದಾರಿ ಹಿಡಿದವು. ಯಾವುದಕ್ಕೆ, ಯಾವಾಗ, ಮೈಯ ಯಾವ ಜಾಗಕ್ಕೆ ಎಂದು ಅವು ಕೇಳಿದವು. ಕೃತಜ್ಞತೆ ಗಟ್ಟಿಯಾಗುವುದು ಅಲ್ಲಿಂದ.

ತಾಲ್ಮುದ್‌ನ ಅದೇ ಪುಟದಲ್ಲಿ ಬೆಳಗ್ಗೆ ಏಳುವವನಿಗೆ ಒಂದು ಸಾಲು ಸ್ತುತಿಗಳಿವೆ. ಕೋಳಿ ಕೂಗಿದ್ದು ಕೇಳಿದಾಗ, ಹಗಲು-ಇರುಳನ್ನು ಬೇರ್ಪಡಿಸಿ ತಿಳಿಯುವ ಬುದ್ಧಿ ಕೊಟ್ಟದ್ದಕ್ಕೆ. ಕಣ್ಣು ತೆರೆದಾಗ, ಕಾಣದವರಿಗೆ ಕಾಣಿಸುವವನಿಗೆ. ಎದ್ದು ಕೂತಾಗ, ಕಟ್ಟು ಬಿಡಿಸುವವನಿಗೆ. ನೆಟ್ಟಗೆ ನಿಂತಾಗ, ಬಾಗಿದವರನ್ನು ಎತ್ತುವವನಿಗೆ. ಕಾಲು ನೆಲಕ್ಕೆ ತಾಗಿದಾಗ, ನೀರಿನ ಮೇಲೆ ನೆಲ ಹಾಸಿದವನಿಗೆ. ಬಟ್ಟೆ ತೊಟ್ಟಾಗ ಇನ್ನೊಂದು, ಚಪ್ಪಲಿ ಮೆಟ್ಟಿದಾಗ ಮತ್ತೊಂದು. ಹಾಸಿಗೆಯಿಂದ ಹೊಸಿಲಿನವರೆಗಿನ ಅಷ್ಟು ಹೊತ್ತಿನಲ್ಲಿ ಮೈ ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಮಾತು ಹೊಂದಿಕೊಂಡಿದೆ.

ಕಾಲ ಕಳೆದಂತೆ ಜನ ಇವನ್ನೆಲ್ಲ ಪ್ರಾರ್ಥನಾ ಮಂದಿರಕ್ಕೆ ಒಯ್ದು, ಸಾಲಾಗಿ ಒಂದೇ ಉಸಿರಿಗೆ ಹೇಳಿ ಮುಗಿಸತೊಡಗಿದರು. 12ನೇ ಶತಮಾನದ ಮಹಾ ಧರ್ಮಶಾಸ್ತ್ರಜ್ಞ ಮೈಮೊನಿಡೀಸ್ ಇದನ್ನು ಒಪ್ಪಲಿಲ್ಲ. ಈಜಿಪ್ಟ್‌ನಲ್ಲಿ ವೈದ್ಯನೂ ಆಗಿದ್ದ ಅವನು ‘ಮಿಶ್ನೆ ತೋರಾ’ ಎಂಬ ತನ್ನ ಧರ್ಮಸಂಹಿತೆಯಲ್ಲಿ ಖಡಾಖಂಡಿತವಾಗಿ ಬರೆದ: ತೊಟ್ಟ ಬಟ್ಟೆಯಲ್ಲೇ ಮಲಗಿದ್ದವನು ಏಳುವಾಗ ಬಟ್ಟೆಯ ಸ್ತುತಿ ಹೇಳಬಾರದು, ಬರಿಗಾಲಲ್ಲಿ ನಡೆಯುವವನು ಚಪ್ಪಲಿಯ ಸ್ತುತಿ ಹೇಳಬಾರದು, ಆಗದೇ ಇದ್ದದ್ದಕ್ಕೆ ಸ್ತುತಿ ಸಲ್ಲದು. ಮೊದಲ ಓದಿಗೆ ಇದು ಶಾಸ್ತ್ರಿಗಳ ಕೂದಲು ಸೀಳುವ ಕೆಲಸ ಅನಿಸೀತು. ಆದರೆ ಕೃತಜ್ಞತೆಯ ಬಗ್ಗೆ ಯಾರೂ ಇದಕ್ಕಿಂತ ಗಂಭೀರವಾದ ಮಾತು ಹೇಳಿರಲಾರರು. ಕಾಲಿಗೆ ನೆಲ ತಾಗದೆ ನೆಲಕ್ಕೆ ಕೃತಜ್ಞತೆ ಹೇಳುವುದು ಸುಳ್ಳು ಹೇಳಿದ ಹಾಗೆ ಎಂಬುದು ಆ ಮಾತಿನ ಇಂಗಿತ. ರೂಢಿಯ ಮುಂದೆ ಅವನ ಮಾತು ನಿಲ್ಲಲಿಲ್ಲ. ಇಂದಿಗೂ ಬಹುಪಾಲು ಕಡೆ ಸ್ತುತಿಗಳನ್ನು ಒಟ್ಟಿಗೇ ಹೇಳುತ್ತಾರೆ.

ಇಸ್ಲಾಮಿನ ಹದೀಸ್‌ಗಳಲ್ಲೂ ಇದಕ್ಕೆ ಹತ್ತಿರದ ಲೆಕ್ಕವೊಂದಿದೆ. ಮನುಷ್ಯನ ಮೈಯಲ್ಲಿ 360 ಕೀಲುಗಳಿವೆ, ಪ್ರತಿ ಬೆಳಗೂ ಒಂದೊಂದು ಕೀಲಿನ ಪರವಾಗಿಯೂ ಒಂದು ದಾನ ಸಲ್ಲಬೇಕು ಎಂದು ಪ್ರವಾದಿಯವರ ಮಾತುಗಳು ಸಹೀಹ್ ಮುಸ್ಲಿಂ ಸಂಗ್ರಹದಲ್ಲಿ ಬರುತ್ತವೆ. ಹಣವಿಲ್ಲದವರಿಗೂ ದಾರಿ ಇದೆ: ದೇವರ ಸ್ತುತಿಯ ಒಂದು ಮಾತೂ ದಾನ, ಹೊತ್ತೇರುವಾಗ ಮಾಡುವ ಎರಡು ರಕಅತ್, ಅಂದರೆ ಎರಡು ಸುತ್ತಿನ, ನಮಾಜು ಅಷ್ಟೂ ಕೀಲುಗಳ ಲೆಕ್ಕಕ್ಕೆ ಸಾಕು. ಬಾಗಿ, ಮಂಡಿಯೂರಿ, ಹಣೆ ನೆಲಕ್ಕೆ ತಾಗಿಸಿ ಏಳುವ ಆ ನಮಾಜಿನಲ್ಲಿ ಕೀಲುಗಳ ಋಣವನ್ನು ಕೀಲುಗಳೇ ತೀರಿಸುತ್ತವೆ.

1997ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ‘ಜಾಮಾ’ದಲ್ಲಿ ಅಶೇರ್ ಯತ್ಸಾರ್ ಬಗ್ಗೆ ಒಂದು ಪುಟ್ಟ ಬರಹ ಬಂತು. ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯ ಕೆನೆತ್ ಪ್ರೇಗರ್. ಅವರು ಓದಿದ ಧಾರ್ಮಿಕ ಶಾಲೆಯಲ್ಲಿ ಶೌಚಾಲಯದ ಹೊರಗೆ ಅಬಾಯೆಯ ಪ್ರಾರ್ಥನೆಯ ಫಲಕ ತೂಗುಹಾಕಿದ್ದರು. ಹುಡುಗರಿಗೆ ಅದೊಂದು ನಗೆಯ ವಿಷಯ. ವೈದ್ಯಕೀಯ ಓದುವಾಗ ಪ್ರೇಗರ್‌ಗೆ ಆ ಮಾತುಗಳ ತೂಕ ತಿಳಿಯತೊಡಗಿತು. ಎಷ್ಟು ರಂಧ್ರಗಳು, ಎಷ್ಟು ನಾಳಗಳು, ಯಾವುದು ಎಲ್ಲಿ ಕಟ್ಟಿಕೊಂಡರೆ ಏನಾಗುತ್ತದೆ ಎಂಬುದು ಅಲ್ಲಿ ಪಾಠವೇ ಆಗಿತ್ತು. ಮುಂದೆ ಅವರು ಒಬ್ಬ ಯುವಕನ ವಿಷಯ ಹೇಳುತ್ತಾರೆ. ವಾಹನ ಅಪಘಾತದಲ್ಲಿ ಕುತ್ತಿಗೆಯ ಮೂಳೆ ಮುರಿದು ಕೈಕಾಲುಗಳ ಶಕ್ತಿ ಹೋಗಿತ್ತು. ತಿಂಗಳುಗಳ ಶ್ರಮದಿಂದ ಚಲನೆ ಸ್ವಲ್ಪ ಸ್ವಲ್ಪವಾಗಿ ಮರಳಿತು, ಆದರೆ ಮೂತ್ರಕ್ಕೆ ನಳಿಕೆ ಹಾಕುವುದು ತಪ್ಪಲಿಲ್ಲ. ಅದು ತಪ್ಪುವುದೂ ಇಲ್ಲವೇನೋ ಎಂಬ ಸ್ಥಿತಿ. ಒಂದು ದಿನ ಅದೂ ತಪ್ಪಿತು. ಈಗ ಆ ಪ್ರಾರ್ಥನೆ ಹೇಳು ಎಂದು ಪ್ರೇಗರ್ ಸೂಚಿಸಿದರು, ಯುವಕ ಹೇಳಿದ. ಕೇಳುತ್ತಿದ್ದ ವೈದ್ಯರ ಕಣ್ಣು ತುಂಬಿತು. ಆ ಯುವಕ ತಮ್ಮ ಮಗ ಎಂಬುದನ್ನು ಪ್ರೇಗರ್ ಕೊನೆಯ ವಾಕ್ಯದಲ್ಲಿ ತಿಳಿಸುತ್ತಾರೆ.

ಬಾಲ್ಯದಿಂದ ದಿನಕ್ಕೆ ಹಲವು ಸಲ ಹೇಳಿ ಬಾಯಿಪಾಠವಾಗಿದ್ದ ಮಾತಿಗೆ ಅಂದು ಹೊಸದಾಗಿ ಜೀವ ಬಂತು. ಕಳೆದುಕೊಂಡು ಮರಳಿ ಪಡೆದದ್ದರಿಂದ ಬಂತು. ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ: ಕಳೆದುಕೊಳ್ಳದೆ ಮೈಯ ಬೆಲೆ ತಿಳಿಯುವುದೇ ಇಲ್ಲವೆ?

ಛಾಂದೋಗ್ಯ ಉಪನಿಷತ್ತಿನ 5ನೇ ಅಧ್ಯಾಯ ಇದೇ ಪ್ರಶ್ನೆಯನ್ನು ಕಥೆಯಾಗಿ ಹೇಳುತ್ತದೆ. ತಮ್ಮಲ್ಲಿ ಯಾರು ಹೆಚ್ಚು ಎಂದು ಇಂದ್ರಿಯಗಳಿಗೂ ಪ್ರಾಣಕ್ಕೂ ಜಗಳ ಬಿತ್ತು. ನ್ಯಾಯ ಕೇಳಲು ಪ್ರಜಾಪತಿಯ ಬಳಿಗೆ ಹೋದವು. ಯಾರು ಹೊರಟರೆ ಮೈ ತೀರ ಹೀನಾಯವಾಗಿ ಕಾಣುತ್ತದೋ ಅವರೇ ಹೆಚ್ಚು ಎಂದ ಅವನು. ಮಾತು ಮೊದಲು ಹೊರಟಿತು, ಒಂದು ವರ್ಷ ಊರು ಬಿಟ್ಟು ಮರಳಿ, ನಾನಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳಿತು. ಮೂಗರು ಬದುಕುವ ಹಾಗೆ ಎಂದವು ಉಳಿದವು. ಆಮೇಲೆ ಕಣ್ಣು, ಕಿವಿ, ಮನಸ್ಸು ಒಂದೊಂದೂ ವರ್ಷವರ್ಷ ಹೋಗಿ ಬಂದವು. ಕೊನೆಗೆ ಪ್ರಾಣ ಹೊರಡಲು ಅಣಿಯಾಯಿತು. ಒಳ್ಳೆಯ ತಳಿಯ ಕುದುರೆ ತನ್ನನ್ನು ಕಟ್ಟಿದ ಗೂಟಗಳನ್ನೇ ಕಿತ್ತೆಳೆಯುವ ಹಾಗೆ ಅದು ಇಂದ್ರಿಯಗಳನ್ನೆಲ್ಲ ಬುಡಸಮೇತ ಎಳೆಯಿತು. ಅವು ಗಾಬರಿಯಿಂದ ಓಡಿಬಂದು, ಹೋಗಬೇಡ, ನೀನೇ ಹೆಚ್ಚು ಎಂದವು. ತಮ್ಮ ಬಳಿಯಿದ್ದ ಒಂದೊಂದು ಹಿರಿಮೆಯೂ ನಿನ್ನದೇ ಎಂದು ಅದಕ್ಕೆ ಒಪ್ಪಿಸಿದವು. ಮೈಯ ಒಳಗೇ ನಡೆದ ಋಣಸ್ವೀಕಾರ ಇದು. ಉಪನಿಷತ್ತಿನ ಇಂದ್ರಿಯಗಳಿಗೂ ಪ್ರಾಣ ಹೊರಡಲು ಎದ್ದಾಗಲೇ ಅದರ ಬೆಲೆ ಗೊತ್ತಾದದ್ದು.

ಅಮೆರಿಕದ ವೈದ್ಯ-ತತ್ತ್ವಜ್ಞಾನಿ ಡ್ರೂ ಲೇಡರ್ 1990ರಲ್ಲಿ ಪ್ರಕಟಿಸಿದ ‘ದಿ ಆಬ್ಸೆಂಟ್ ಬಾಡಿ’ ಗ್ರಂಥ ಈ ಮರೆವಿನ ಕಾರಣವನ್ನು ಹುಡುಕುತ್ತದೆ. ಮೈ ಸರಿಯಾಗಿದ್ದಷ್ಟು ಹೊತ್ತು ಅದು ತನ್ನನ್ನು ತಾನು ಮರೆಸಿಕೊಂಡಿರುತ್ತದೆ. ಕಣ್ಣು ಓದುವಾಗ ಕಾಣುವುದು ಅಕ್ಷರ, ಕಣ್ಣಲ್ಲ. ಕಾಲು ನಡೆಯುವಾಗ ಮನಸ್ಸಿನಲ್ಲಿರುವುದು ಹೋಗಬೇಕಾದ ಜಾಗ. ನೋವು ಬಂದಾಗ, ದಣಿದಾಗ, ಕಾಯಿಲೆ ಬಿದ್ದಾಗ ಮಾತ್ರ ಮೈ ಎದ್ದು ಎದುರಿಗೆ ಬರುತ್ತದೆ. ಹಾಗಾಗಿ ಮೈಯ ಪರಿಚಯ ಹೆಚ್ಚಿನವರಿಗೆ ದೂರುಗಳ ಮೂಲಕವೇ ಆಗುತ್ತದೆ. ಇದು ಮನುಷ್ಯನ ಕೃತಘ್ನತೆಯಲ್ಲ, ಮೈಯ ರಚನೆಯೇ ಹಾಗಿದೆ ಎಂಬ ಲೇಡರ್ ಅವರ ವಿವರಣೆ ಸಮಾಧಾನ ಕೊಡುವಂಥದ್ದು. ತಾನಾಗಿ ಬರದ ಗಮನವನ್ನು ಅಭ್ಯಾಸದಿಂದ ತರಬೇಕಾಗುತ್ತದೆ.

ಅಂಥ ಅಭ್ಯಾಸವನ್ನು ಅತ್ಯಂತ ಶಿಸ್ತಿನಿಂದ ಬೆಳೆಸಿದವರು ಬೌದ್ಧರು. ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಗಮನಿಸಲು ಹೇಳುವ ನಾಲ್ಕರಲ್ಲಿ ಮೊದಲನೆಯದು ಕಾಯ, ಎರಡನೆಯದು ವೇದನೆ. ಉಸಿರು ಉದ್ದವಾಗಿದ್ದರೆ ಉದ್ದ ಎಂದು, ಗಿಡ್ಡವಾಗಿದ್ದರೆ ಗಿಡ್ಡ ಎಂದು ತಿಳಿಯುವುದು. ನಡೆಯುವಾಗ ನಡೆಯುತ್ತಿದ್ದೇನೆ, ಕೂತಾಗ ಕೂತಿದ್ದೇನೆ ಎಂದು ತಿಳಿಯುವುದು. ಕೂದಲು, ಉಗುರು, ಹಲ್ಲು, ಚರ್ಮದಿಂದ ಹಿಡಿದು ಪಿತ್ತ, ಕಫ, ಮೂತ್ರದವರೆಗಿನ ದೊಡ್ಡ ಪಟ್ಟಿಯೂ ಅಲ್ಲಿದೆ. 20ನೇ ಶತಮಾನದ ಬರ್ಮಾದಲ್ಲಿ ಮಹಾಸಿ ಸಯಾಡೊ (1904–1982) ಇದನ್ನು ಸಾಮಾನ್ಯ ಗೃಹಸ್ಥರ ಕೈಗೆ ಎಟುಕುವಂತೆ ಮಾಡಿದರು. 1949ರಿಂದ ರಂಗೂನಿನಲ್ಲಿ ಕಲಿಸಿದ ಅವರ ವಿಧಾನ ಸರಳ. ಕೂತು ಹೊಟ್ಟೆಯನ್ನು ಗಮನಿಸಬೇಕು. ಉಬ್ಬಿದಾಗ ಮನಸ್ಸಿನಲ್ಲೇ ‘ಉಬ್ಬುತ್ತಿದೆ’ ಎನ್ನಬೇಕು, ಇಳಿದಾಗ ‘ಇಳಿಯುತ್ತಿದೆ’. ನವೆಯಾದರೆ ‘ನವೆ’, ಬಿಸಿಯಾದರೆ ‘ಬಿಸಿ’, ಯೋಚನೆ ಬಂದರೆ ‘ಯೋಚನೆ’. ಹೆಸರು ಕೊಟ್ಟು, ನೋಡಿ, ಮತ್ತೆ ಹೊಟ್ಟೆಗೆ ಮರಳಬೇಕು.

ಚಕ್ಕಳಮಕ್ಕಳ ಹಾಕಿ ಅರ್ಧ ಗಂಟೆ ಅಲುಗದೆ ಕೂತವರ ಮೊಣಕಾಲಿನಲ್ಲಿ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮೊದಲು ಬರುವುದು ‘ನೋವು’ ಎಂಬ ಒಂದೇ ಒಂದು ದಪ್ಪ ಪದ. ಅದರ ಬೆನ್ನಿಗೇ ‘ಇನ್ನು ತಡೆಯಲಾರೆ’ ಎಂಬ ಯೋಚನೆ. ಸ್ವಲ್ಪ ತಾಳಿ ನೋಡಿದರೆ ಆ ಒಂದು ಪದ ಬಿರಿಯುತ್ತದೆ. ಚಿಪ್ಪಿನ ಒಳಬದಿಯಲ್ಲಿ ಉರಿ. ಹಿಂಬದಿಯ ನರದಲ್ಲಿ ಸೆಳೆತ. ಪಾದದ ಅಂಚಿನಲ್ಲಿ ಭಾರ, ಆಮೇಲೆ ಜೋಮು, ಆಮೇಲೆ ಏನೂ ತಿಳಿಯದ ಮರಗಟ್ಟುವಿಕೆ. ಉರಿ ಏರುತ್ತದೆ, ತಗ್ಗುತ್ತದೆ, ಒಂದು ಕ್ಷಣ ಇಲ್ಲವೇ ಆಗುತ್ತದೆ. ಗಂಟೆ ಬಾರಿಸಿದ ಮೇಲೆ ಕಾಲು ಚಾಚಿದಾಗ ರಕ್ತ ನುಗ್ಗಿ ಪಾದವೆಲ್ಲ ಜುಮುಜುಮು ಎಂದು, ಬೆರಳುಗಳು ಒಂದೊಂದಾಗಿ ಮರಳಿ ತನ್ನವಾಗುವ ಆ ಒಂದೆರಡು ನಿಮಿಷ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನೆಲದ ತಂಪನ್ನು ಹೆಬ್ಬೆರಳು ಅರಿಯುವುದು ಎಂಥ ಸಂಗತಿ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಒಂದು ಕಾಲು ಕಳೆದುಕೊಳ್ಳದೆಯೇ ಕಾಲು ಮರಳಿ ಸಿಕ್ಕಿರುತ್ತದೆ.

ಬರ್ಮಾದ ಇನ್ನೊಂದು ಪರಂಪರೆ ಭಾರತದಲ್ಲಿ ಹೆಚ್ಚು ಪರಿಚಿತ. ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ (1924–2013) ಅವರಿಗೆ ತೀವ್ರವಾದ ಅರೆತಲೆನೋವು. ಮಾರ್ಫಿನ್ ಚುಚ್ಚುಮದ್ದಿಲ್ಲದೆ ತಡೆಯಲಾಗದಷ್ಟು. ದೇಶದೇಶಗಳ ವೈದ್ಯರನ್ನು ಕಂಡು ಬಂದು, 1955ರಲ್ಲಿ ಸಯಾಜಿ ಊ ಬ ಖಿನ್ ಅವರ ಬಳಿಗೆ ಹೋದರು. ಊ ಬ ಖಿನ್ ಸ್ವತಂತ್ರ ಬರ್ಮಾದ ಮೊದಲ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ ಗುರು. ತಲೆನೋವು ವಾಸಿಯಾಗಲೆಂದು ಬಂದಿದ್ದರೆ ನಿಮಗೆ ಇಲ್ಲಿ ಜಾಗವಿಲ್ಲ ಎಂದು ಅವರು ಮೊದಲು ತಿರುಗಿಸಿಬಿಟ್ಟರಂತೆ. ಧರ್ಮದ ಬೆಲೆಯನ್ನು ಅಷ್ಟಕ್ಕೆ ಇಳಿಸಬೇಡಿ ಎಂದರಂತೆ. ಇವತ್ತು ಧ್ಯಾನವನ್ನು ಬಿ.ಪಿ. ಮಾತ್ರೆಯ ಪಕ್ಕದಲ್ಲಿಟ್ಟು ಮಾರುವವರು ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆಯಬೇಕು. 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದರು. 1976ರಲ್ಲಿ ಇಗತ್‌ಪುರಿಯಲ್ಲಿ ಧಮ್ಮಗಿರಿ ಕೇಂದ್ರ ಶುರುವಾಯಿತು. ಬೆಂಗಳೂರಿನ ಹೊರಗೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಅದೇ ಪರಂಪರೆಯ ಕೇಂದ್ರ. ಹತ್ತು ದಿನದ ಶಿಬಿರ, ಬಹುಪಾಲು ಮೌನ. ಮೊದಲ ಮೂರು ದಿನ ಮೂಗಿನ ಹೊಳ್ಳೆಗಳ ಉಸಿರು, ನಾಲ್ಕನೆಯ ದಿನದಿಂದ ನೆತ್ತಿಯಿಂದ ಅಂಗಾಲಿನವರೆಗೆ ಸಂವೇದನೆಗಳ ವೀಕ್ಷಣೆ. ಮಹಾಸಿ ಅವರಂತೆ ಇಲ್ಲಿ ಹೆಸರು ಹೇಳಿಕೊಳ್ಳುವುದಿಲ್ಲ. ಬಂದದ್ದನ್ನು ಬಂದ ಹಾಗೆ ನೋಡುವುದಷ್ಟೆ.

ಇದನ್ನೆಲ್ಲ ಕೃತಜ್ಞತೆ ಎನ್ನಬಹುದೆ? ಯೆಹೂದಿಗೆ ಕೊಟ್ಟವನೊಬ್ಬನಿದ್ದಾನೆ, ಅವನಿಗೆ ಸ್ತುತಿ. ಬೌದ್ಧ ಧ್ಯಾನಿಗೆ ಉರಿ ಎಂದರೆ ಉರಿ, ಹುಟ್ಟಿ ಅಳಿಯುವ ಒಂದು ಘಟನೆ. ಮೈಯ ಭಾಗಗಳ ಪಟ್ಟಿ ಇರುವುದೇ ಮೈಯ ಮೋಹ ಕಳಚಲು. ಆದರೂ ಇದೇ ಬೌದ್ಧ ನೆಲದಿಂದ ವಿಯೆಟ್ನಾಮಿನ ಭಿಕ್ಷು ತಿಕ್ ನಾತ್ ಹಾನ್ (1926–2022) ಇನ್ನೊಂದು ಫಸಲು ತೆಗೆದರು. ಸುಖ ಮತ್ತು ದುಃಖದ ಜೊತೆ, ಎರಡೂ ಅಲ್ಲದ ವೇದನೆಯನ್ನೂ ಬುದ್ಧ ಹೇಳಿದ್ದ. ಮೈಯ ಬದುಕಿನ ಬಹುಪಾಲು ಅಂಥದ್ದು. ಹಲ್ಲುನೋವಿನ ರಾತ್ರಿ ಕಳೆದವರಿಗೆ ಹಲ್ಲುನೋವಿಲ್ಲದಿರುವುದು ಪರಮಸುಖ ಎಂದು ಗೊತ್ತು. ನೋವು ಹೋದ ವಾರದಲ್ಲೇ ಅದು ಮರೆತುಹೋಗುತ್ತದೆ. ಆ ಮರೆತ ಸುಖವನ್ನು ಮರಳಿ ಕಾಣಿಸುವುದೇ ತಿಕ್ ನಾತ್ ಹಾನ್ ಅವರ ಪಾಠ. ಉಸಿರು ಎಳೆದುಕೊಳ್ಳುತ್ತ ಕಣ್ಣುಗಳನ್ನು ಅರಿಯುವುದು, ಬಿಡುತ್ತ ಕಣ್ಣುಗಳಿಗೆ ಮುಗುಳ್ನಗುವುದು. ಹಾಗೆಯೇ ಹೃದಯಕ್ಕೆ, ಯಕೃತ್ತಿಗೆ. ಕೊಟ್ಟವರು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ದೇವರನ್ನು ನಂಬದವರಿಗೂ ಈ ದಾರಿ ತೆರೆದಿದೆ ಎಂಬುದು ಸಣ್ಣ ಮಾತಲ್ಲ.

ಕೊಟ್ಟವನ ನೆನಪು, ಮೈಯ ಮೇಲಿನ ಗಮನ ಎರಡನ್ನೂ ಕರ್ನಾಟಕದ ಶರಣರ ಚಿಂತನೆ ಒಂದು ಕಡೆ ತಂದಿತು. ಮೈಯನ್ನೇ ದೇಗುಲವಾಗಿ ಕಂಡ ಬಸವಣ್ಣನವರ ವಚನ ಶಾಲೆಗೆ ಹೋದ ಕನ್ನಡಿಗರಿಗೆಲ್ಲ ಬಾಯಿಗೆ ಬರುತ್ತದೆ. ಅಲ್ಲಿ ಅವರು ಮೈಯನ್ನು ಒಟ್ಟಾರೆಯಾಗಿ ಹೇಳಿ ಬಿಡುವುದಿಲ್ಲ, ಅಂಗಗಳನ್ನು ಹೆಸರಿಸಿ ಗುಡಿಯ ಭಾಗಗಳಿಗೆ ಹೊಂದಿಸುತ್ತಾರೆ ಎಂಬುದು ಬಾಯಿಪಾಠದಲ್ಲಿ ಕಣ್ತಪ್ಪಿಹೋಗುತ್ತದೆ. ಚೆನ್ನಬಸವಣ್ಣನವರ ಹೆಸರಿನಲ್ಲಿರುವ ‘ಕರಣಹಸಿಗೆ’, ‘ಮಿಶ್ರಾರ್ಪಣ’ದಂಥ ಕೃತಿಗಳು ಇನ್ನೂ ಮುಂದೆ ಹೋಗಿ ದೇಹವನ್ನೂ ಇಂದ್ರಿಯಗಳನ್ನೂ ಎಳೆ ಎಳೆಯಾಗಿ ಬಿಡಿಸುತ್ತವೆ. ಶರಣರ ಸಾಧನೆಯ ಆರು ಹಂತಗಳಾದ ಷಟ್‌ಸ್ಥಲದ ಲೆಕ್ಕದಲ್ಲಿ ಒಂದೊಂದು ಇಂದ್ರಿಯದಲ್ಲೂ ಒಂದೊಂದು ಲಿಂಗ ನೆಲೆಸಿದೆ. ಮೂಗಿನಲ್ಲಿ ಆಚಾರಲಿಂಗ, ಅದಕ್ಕೆ ಗಂಧ ಅರ್ಪಿತ. ನಾಲಗೆಯಲ್ಲಿ ಗುರುಲಿಂಗ, ಅದಕ್ಕೆ ರುಚಿ. ಕಣ್ಣಿನಲ್ಲಿ ಶಿವಲಿಂಗ, ಅದಕ್ಕೆ ರೂಪ. ಚರ್ಮದಲ್ಲಿ ಜಂಗಮಲಿಂಗ, ಅದಕ್ಕೆ ಸ್ಪರ್ಶ. ಕಿವಿಯಲ್ಲಿ ಪ್ರಸಾದಲಿಂಗ, ಅದಕ್ಕೆ ಶಬ್ದ. ಆರನೆಯದು ಹೃದಯದ ಮಹಾಲಿಂಗ, ಅದಕ್ಕೆ ಅರ್ಪಿಸುವುದು ತೃಪ್ತಿಯನ್ನು.

ತೃಪ್ತಿಯನ್ನೂ ತನ್ನದೆಂದು ಇಟ್ಟುಕೊಳ್ಳದೆ ಒಪ್ಪಿಸಿಬಿಡುವ ಈ ಕಲ್ಪನೆಯ ಮುಂದೆ ಎಂಥವರೂ ಒಂದು ಗಳಿಗೆ ನಿಲ್ಲಬೇಕು. ಅರ್ಪಿಸದೆ ಏನನ್ನೂ ಮುಟ್ಟಬಾರದು ಎಂಬ ಶರಣರ ನಿಯಮ ತಟ್ಟೆಯ ಅನ್ನಕ್ಕೆ ಮಾತ್ರ ಅನ್ವಯಿಸುವುದಿಲ್ಲ. ಬಿಸಿ ಅನ್ನದ ಹಬೆ ಮೂಗಿಗೆ ಬಂದದ್ದೂ ಒಂದು ಅರ್ಪಣೆ, ಬೆರಳ ತುದಿಗೆ ಚುರುಕು ಮುಟ್ಟಿದ್ದು ಇನ್ನೊಂದು, ಸಾರಿನ ಹುಳಿ ನಾಲಗೆಯ ಅಂಚಿಗೆ ತಾಗಿದ್ದು ಮತ್ತೊಂದು. ಅರ್ಪಿಸಬೇಕಾದರೆ ಮೊದಲು ಗಮನಿಸಿರಬೇಕು. ಗಮನಿಸದೆ ನುಂಗಿದ್ದನ್ನು ಯಾರಿಗೆ ಅರ್ಪಿಸುವುದು? ಅರ್ಪಿಸಿದ ಮೇಲೆ ಮರಳಿ ಬಂದ ಸಂವೇದನೆ ಪ್ರಸಾದವಾಗಿರುತ್ತದೆ. ಮೈಮೊನಿಡೀಸ್ ಬೇಡಿದ ನಿಖರತೆ ಅದೇ ಶತಮಾನದಲ್ಲಿ, ಅವನ ಸುದ್ದಿಯೇ ತಿಳಿಯದ ಕಲ್ಯಾಣದಲ್ಲಿ, ಬೇರೆ ದಾರಿಯಿಂದ ಕಾಣಿಸಿಕೊಂಡಿತ್ತು.

ಇದಕ್ಕೆ ಎದುರುನಿಲ್ಲುವ ದೊಡ್ಡ ಆಕ್ಷೇಪವೊಂದು ಕರ್ನಾಟಕದ ನೆಲದಲ್ಲೇ, ವಿಂಧ್ಯಗಿರಿಯ ಮೇಲೆ ನಿಂತಿದೆ. ಗಂಗರ ಮಂತ್ರಿ, ಸೇನಾನಿ ಚಾವುಂಡರಾಯ ಸುಮಾರು 981ರಲ್ಲಿ ಶ್ರವಣಬೆಳಗೊಳದಲ್ಲಿ ಕಡೆಸಿದ ಬಾಹುಬಲಿ ಕಾಯೋತ್ಸರ್ಗದಲ್ಲಿದ್ದಾನೆ. ಮೈಯ ಮೇಲಿನ ‘ನನ್ನದು’ ಎಂಬ ಹಿಡಿತವನ್ನೇ ಬಿಟ್ಟ ನಿಲುವು ಅದು. ಸುಮಾರು 58 ಅಡಿಯ ಆ ಮೂರ್ತಿಯ ತೊಡೆ-ತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತ ಎದ್ದಿದೆ, ಮುಖದಲ್ಲಿ ಅದರ ಪರಿವೆಯಿಲ್ಲ. ಮೈಗೆ ಕೃತಜ್ಞತೆ ಹೇಳುತ್ತ ಕೂತರೆ ಮೈಯ ಮೋಹವೇ ಬೆಳೆಯುವುದಿಲ್ಲವೆ ಎಂದು ಜೈನ ಸಾಧಕ ಕೇಳಬಹುದು. ಮೈಯ ಆರೈಕೆಯೇ ಒಂದು ಉದ್ಯಮವಾಗಿರುವ ಈ ಕಾಲದಲ್ಲಿ ಆ ಪ್ರಶ್ನೆಗೆ ಬಲವಿದೆ. ಆದರೆ ಮೊಣಕಾಲಿನ ಉರಿಯನ್ನು ಉರಿ ಎಂದು ಕರೆದು ನೋಡಿದವರಿಗೆ, ನನ್ನ ಅಪ್ಪಣೆ ಕೇಳದೆ ಬಂದು ಹೋಗುವ ಇದು ನನ್ನದು ಹೇಗೆ ಎಂಬ ಅನುಮಾನ ಹುಟ್ಟಿಯೇ ಹುಟ್ಟುತ್ತದೆ. ಅನ್ಯರದ್ದು ಎಂದು ತಿಳಿದಾಗಲೇ ಋಣದ ಮಾತು ಬರುವುದು. ಕೃತಜ್ಞತೆಯೂ ಕಾಯೋತ್ಸರ್ಗವೂ ಹೊರಗಿನಿಂದ ಕಂಡಷ್ಟು ದೂರ ಇಲ್ಲ.

ಹೆಸರಿಡುವುದರಿಂದ ಮನಸ್ಸಿನಲ್ಲಿ ಏನಾಗುತ್ತದೆ ಎಂದು ವಿಜ್ಞಾನಿಗಳೂ ನೋಡಿದ್ದಾರೆ. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಟ್ಟು-ಭಯ ತೋರುವ ಮುಖಗಳ ಚಿತ್ರ ನೋಡಿ ಆ ಭಾವನೆಗೆ ಹೆಸರು ಕೊಟ್ಟಾಗ ಮಿದುಳಿನ ಅಮಿಗ್ಡಲದ ಉದ್ರೇಕ ತಗ್ಗಿದ್ದು ಕಂಡುಬಂತು. ಅದು ಭಾವನೆಗಳ ಮಾತು, ಮೊಣಕಾಲಿನದ್ದಲ್ಲ. ಎರಡನ್ನೂ ಬೆರೆಸಿ ದೊಡ್ಡ ತೀರ್ಮಾನಕ್ಕೆ ಹಾರುವುದು ತಪ್ಪು. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೊ 2003ರಲ್ಲಿ ಪ್ರಕಟಿಸಿದ ಕೃತಜ್ಞತೆಯ ಅಧ್ಯಯನಗಳು ಇಲ್ಲಿ ಹೆಚ್ಚು ಪ್ರಸ್ತುತ. ಅವುಗಳಲ್ಲಿ ಒಂದರಲ್ಲಿ ಭಾಗವಹಿಸಿದವರು ನರ-ಸ್ನಾಯು ಕಾಯಿಲೆಯಿಂದ ಬಳಲುತ್ತಿದ್ದವರು. 21 ದಿನ, ದಿನವೂ ಕೃತಜ್ಞರಾಗಿರುವ ಸಂಗತಿಗಳನ್ನು ಬರೆದವರಲ್ಲಿ ಮನಸ್ಸಿನ ನೆಮ್ಮದಿ ಹೆಚ್ಚಿತು, ನಿದ್ದೆಯೂ ಸುಧಾರಿಸಿತು. ಕೈಕೊಟ್ಟ ಮೈಯೊಳಗೆ ಬದುಕುವವರಿಗೂ ಬರೆಯಲು ಸಂಗತಿಗಳಿದ್ದವು ಎಂಬುದು ಅಂಕಿಗಳಿಗಿಂತ ಮುಖ್ಯ.

ಈ ಅಭ್ಯಾಸ ಎಲ್ಲರಿಗೂ ಒಂದೇ ರೀತಿ ಒಗ್ಗುವುದಿಲ್ಲ. ಹಿಂಸೆಗೆ ತುತ್ತಾದವರಿಗೆ, ಗಾಬರಿಯ ಕಾಯಿಲೆ ಇರುವವರಿಗೆ ಎದೆಬಡಿತದ ಮೇಲೆ ಗಮನ ಇಡುವುದೇ ಭಯಕ್ಕೆ ದಾರಿಯಾಗಬಹುದು. ಅಂಥವರಿಗೆ ಆಪ್ತಸಮಾಲೋಚಕರು ಮೈಯ ಒಳಗಿನಿಂದ ಶುರುಮಾಡಿಸುವುದಿಲ್ಲ. ಕಾಣುವ ಐದು ವಸ್ತು, ಮುಟ್ಟಿದರೆ ತಿಳಿಯುವ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಎಂದು ಹೊರಗಿನಿಂದ ಒಳಗೆ ಬರುವ ಕ್ರಮ ಕಲಿಸುತ್ತಾರೆ. ಅಂಗಾಲಿನಡಿಯ ನೆಲ ಅಥವಾ ಕೈಯಲ್ಲಿ ಹಿಡಿದ ಲೋಟದ ಬಿಸುಪು ಸಾಕಾಗುವ ದಿನಗಳಿರುತ್ತವೆ. ಅಷ್ಟಕ್ಕೇ ನಿಲ್ಲಿಸುವುದರಲ್ಲಿ ಸೋಲೇನೂ ಇಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಅದು ಸಮಾಜದ್ದು. ಕೃತಜ್ಞತೆಯ ಉಪದೇಶ ಯಾವಾಗಲೂ ಮೇಲಿನಿಂದ ಕೆಳಗೆ ಹರಿಯುತ್ತದೆ. ಇದ್ದುದರಲ್ಲಿ ತೃಪ್ತಿಪಡು, ಕೈಕಾಲು ಗಟ್ಟಿಯಾಗಿವೆಯಲ್ಲ ಎಂದು ಕೂಲಿಯವನಿಗೆ ಹೇಳುವವರು ಬಹಳ ಜನ. ಆ ಕೈಕಾಲು ಸಂಜೆಗೆ ಏನಾಗಿವೆ ಎಂದು ಕೇಳುವವರು ಕಡಿಮೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಹೆಂಗಸಿಗೆ, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವವಳಿಗೆ, ಮಲೆನಾಡಿನಲ್ಲಿ ಅಡಿಕೆ ಸುಲಿಯುವವಳಿಗೆ ಮೈಯ ಸಂವೇದನೆಗಳನ್ನು ಯಾರೂ ಹೇಳಿಕೊಡಬೇಕಿಲ್ಲ. ಭುಜ ಹಿಡಿದಿದೆ, ಸೊಂಟ ಬಿದ್ದುಹೋಗಿದೆ, ಬೆರಳ ತುದಿ ಜುಮ್ಮೆನ್ನುತ್ತಿದೆ, ಕತ್ತಿನ ನರ ಎಳೆಯುತ್ತಿದೆ, ಕಣ್ಣು ಚುರುಗುಟ್ಟುತ್ತಿದೆ ಎಂದು ಅವರ ಸಂಜೆಯ ಮಾತಿನಲ್ಲೇ ಎಲ್ಲ ಹೆಸರುಗಳೂ ಇವೆ. ಅದಕ್ಕೆ ಬೇಕಾಗಿರುವುದು ಕೇಳುವ ಕಿವಿ. ಯೆಹೂದಿಗಳ ಪ್ರಾಚೀನ ಧರ್ಮಸಂಹಿತೆ ಮಿಶ್ನಾದ ಬೆರಖೋತ್ ಭಾಗವೂ ಕೆಟ್ಟದ್ದು ಬಂದಾಗ ಒಳ್ಳೆಯದರ ಸ್ತುತಿಯನ್ನೇ ಹೇಳಿಸುವುದಿಲ್ಲ, ಕೆಟ್ಟ ಸುದ್ದಿಗೆಂದೇ ಬೇರೆ ಮಾತು ಇಟ್ಟಿದೆ. ಮಹಾಸಿ ಅವರ ವಿಧಾನದಲ್ಲೂ ಉರಿಯನ್ನು ಸುಖ ಎಂದು ಕರೆಯುವ ಹಾಗಿಲ್ಲ. ನೋವಿನ ಹೆಸರನ್ನು ಒರೆಸಿ ಮೇಲೆ ಬರೆದ ಕೃತಜ್ಞತೆಯನ್ನು ಈ ಸಂಪ್ರದಾಯಗಳಾವುವೂ ಕೃತಜ್ಞತೆ ಎಂದು ಒಪ್ಪುವುದಿಲ್ಲ.

ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವಿನ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ರೋಗಿಗಳು ತಮ್ಮ ನೋವನ್ನು ಹೇಳಿಕೊಳ್ಳಲು ಬಳಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿದ್ದರು. ಚುಚ್ಚುವ ನೋವೆ, ಉರಿಯುವ ನೋವೆ, ಹಿಂಡುವ ನೋವೆ ಎಂಬುದರ ಮೇಲೆ ನೋವಿನ ಮೂಲವನ್ನು ಊಹಿಸಬಹುದು, ಆರೈಕೆಯನ್ನೂ ನಿರ್ಧರಿಸಬಹುದು. ಇ.ಎಸ್.ಐ. ಆಸ್ಪತ್ರೆಯ ಸಾಲಿನಲ್ಲಿ ತನ್ನ ಸರದಿ ಕಾಯ್ದು ಒಳಗೆ ಹೋದ ಹೊಲಿಗೆಯಾಕೆ ‘ಕೈ ನೋವು’ ಎಂದಷ್ಟೇ ಹೇಳಿದರೆ ಒಂದು ಮಾತ್ರೆ ಸಿಗುತ್ತದೆ. ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಕೈ ಕೊಡವಿದರೆ ಸರಿಹೋಗುತ್ತದೆ, ಕಿರುಬೆರಳಿಗೆ ಏನೂ ಆಗಿಲ್ಲ ಎಂದು ಬಿಡಿಸಿ ಹೇಳಿದರೆ ವೈದ್ಯರು ಮಣಿಕಟ್ಟಿನಲ್ಲಿ ಅದುಮಿಕೊಂಡಿರುವ ನರವನ್ನು ಹುಡುಕುತ್ತಾರೆ. ಕಾರ್ಖಾನೆಯಲ್ಲಿ ಕುರ್ಚಿಯ ಎತ್ತರ ಬದಲಿಸಿ, ನಡುವೆ ಬಿಡುವು ಕೊಡಿ ಎಂದು ಕೇಳುವುದಕ್ಕೂ ಆ ವಿವರ ಬೇಕು. ಏನೂ ಆಗದೆ ಉಳಿದ ಆ ಕಿರುಬೆರಳೂ ಆಕೆಯ ಲೆಕ್ಕಕ್ಕೆ ಸೇರಿದೆ. ವೈದ್ಯರ ಮುಂದೆ ನೋವಿನ ಬೆರಳುಗಳ ಜೊತೆಯಲ್ಲೇ ಅದರ ಹೆಸರನ್ನೂ ಹೇಳಿದ್ದಾಳೆ.